ಹೊಟ್ಟೆಗೆ ಹಾಕಿಕೊಂಡದ್ದು ಎಲ್ಲಿಗೆ ಹೋಗುತ್ತದೆ?

"ನಿಮ್ಮ ಧರ್ಮದಲ್ಲಿ ಒಂದು ಅನುಕೂಲ ಇದೆ ಮಾರಾಯ" ಎಂದು ಪುಣೆಯ ಕನ್ನಡ ಗೆಳೆಯರು ನನ್ನನ್ನು ಆಗಾಗ ಕೆಣಕುವುದುಂಟು. ವಾರವಿಡೀ ಏನು ಬೇಕಾದರೂ ಮಾಡಿ, ಭಾನುವಾರ ಚರ್ಚಿಗೆ ಹೋಗಿ ಮಂಡಿಯೂರಿದರೆ ಲೆಕ್ಕ ಚುಕ್ತಾ, ಸೋಮವಾರ ಹೊಸ ಖಾತೆ. "ನಮಗೆ ಹಾಗಲ್ಲಪ್ಪ, ಮಾಡಿದ್ದುಣ್ಣೋ ಮಹಾರಾಯ!" ನಗುನಗುತ್ತಲೇ ಆಡುವ ಮಾತು. ಆದರೆ ಅದರೊಳಗೆ ಒಂದು ಗಟ್ಟಿ ಆಕ್ಷೇಪಣೆ ಇದೆ. ಅದಕ್ಕೆ ಉತ್ತರ ಹುಡುಕದೆ ಕ್ರೈಸ್ತನಾದವನು ದೇವರ ಕರುಣೆಯ ಬಗ್ಗೆ ದೊಡ್ಡ ಮಾತಾಡಬಾರದು ಎಂದು ನನಗನ್ನಿಸುತ್ತದೆ. ತಪ್ಪು ಮಾಡಿದವನಿಗೆ ಪ್ರತಿದಿನ ಬೆಳಗ್ಗೆ ಕ್ಷಮೆ ಸಿಗುತ್ತದೆ ಎಂದಾದರೆ, ಅವನಿಂದ ಪೆಟ್ಟು ತಿಂದವರ ಗತಿ ಏನು? ಅವರನ್ನು ಯಾರಾದರೂ ಕೇಳಿದರೇ?

ಗಾದೆಯ ಬಗ್ಗೆ ಮೊದಲು ಒಂದು ಮಾತು. ಎಂ. ಎಸ್. ಪುಟ್ಟಣ್ಣನವರು 1915ರಲ್ಲಿ ತಮ್ಮ ಕಾದಂಬರಿಗೆ ಇದೇ ಗಾದೆಯನ್ನು ಹೆಸರಾಗಿ ಇಟ್ಟಿದ್ದರು. ಅದರಲ್ಲಿರುವ ನ್ಯಾಯದ ಹಸಿವು ನನಗೆ ಅರ್ಥವಾಗುತ್ತದೆ. ಲೋಕದಲ್ಲಿ ಎಲ್ಲೋ ಒಂದು ಕಡೆ ಲೆಕ್ಕ ಇದೆ, ಯಾರೂ ಪುಕ್ಕಟೆ ಪಾರಾಗುವುದಿಲ್ಲ ಎಂಬ ನಂಬಿಕೆ ಅದು. ಬೈಬಲ್ಲಿಗೂ ಈ ಮಾತು ಹೊರಗಿನದಲ್ಲ. ಮನುಷ್ಯ ಏನು ಬಿತ್ತುತ್ತಾನೋ ಅದನ್ನೇ ಕೊಯ್ಯಬೇಕು ಎಂಬ ಅರ್ಥದ ಎಚ್ಚರಿಕೆಯನ್ನು ಪೌಲ ಗಲಾತ್ಯದವರಿಗೆ ಬರೆದಿದ್ದಾನೆ. ಹಾಗಾಗಿ ಗಾದೆಯ ಜೊತೆ ನನಗೆ ಜಗಳವಿಲ್ಲ. ನನ್ನ ಪ್ರಶ್ನೆ ಇನ್ನೂ ಸರಳ: ಮಾಡಿದವನು ಉಣ್ಣದೇ ಹೋದರೆ, ಆ ಉಣಿಸು ಯಾರ ಹೊಟ್ಟೆಗೆ ಹೋಗುತ್ತದೆ?

ಈ ಪ್ರಶ್ನೆಗೆ ಕನ್ನಡದಲ್ಲೇ ಉತ್ತರದ ಸುಳಿವಿದೆ. ಕ್ಷಮೆ ಕೇಳುವಾಗ ನಮ್ಮ ಜನ "ಹೊಟ್ಟೆಗೆ ಹಾಕಿಕೊಳ್ಳಿ" ಅನ್ನುತ್ತಾರೆ. ಮದುವೆ ಮನೆಯಲ್ಲಿ ಮರ್ಯಾದೆಗೆ ಕುಂದು ಬಂದರೂ ಇದೇ ಮಾತು, ಪತ್ರದ ಕೊನೆಗೂ ಇದೇ ಮಾತು. ಎಷ್ಟು ಸಲ ಕೇಳಿದರೂ ಅದರ ಅರ್ಥದ ಕಡೆ ನಮ್ಮ ಗಮನ ಹೋಗುವುದಿಲ್ಲ. ತಪ್ಪು ಅಳಿಸಿಹೋಯಿತು ಎಂದು ಆ ಮಾತು ಹೇಳುವುದಿಲ್ಲ. ತಪ್ಪು ಇದೆ, ಕಹಿಯಾಗಿದೆ, ನೀವು ಅದನ್ನು ನುಂಗಿ ಒಳಗಿಟ್ಟುಕೊಳ್ಳಿ ಎನ್ನುತ್ತದೆ. ಹಳೆಯ ಒಡಂಬಡಿಕೆಯ ಹೀಬ್ರೂ ಭಾಷೆಯಲ್ಲೂ ಹೀಗೆಯೇ. ಅಲ್ಲಿ ಕರುಣೆಗೆ 'ರಹಮೀಮ್' ಎಂಬ ಪದವಿದೆ. ಗರ್ಭ ಎಂಬರ್ಥದ 'ರೆಹೆಮ್' ಅದರ ಒಡಹುಟ್ಟು. ಕ್ಷಮಿಸುವುದಕ್ಕೆ ಬಳಸುವ ಕ್ರಿಯಾಪದಗಳಲ್ಲಿ ಒಂದು 'ನಸಾ'. ಎತ್ತು, ಹೊರು ಎಂಬುದು ಅದರ ಮೂಲ ಅರ್ಥ. ಸಂಸ್ಕೃತದ 'ಕ್ಷಮಾ' ಎಂದರೆ ತಾಳ್ಮೆಯೂ ಹೌದು, ಎಲ್ಲವನ್ನೂ ಹೊರುವ ಭೂಮಿಯೂ ಹೌದು. ಮೂರು ಭಾಷೆಗಳೂ ಕ್ಷಮಿಸುವವನ ಮೈಯ ಕಡೆಗೇ ಬೆರಳು ತೋರಿಸುತ್ತವೆ.

ಯೇಸು ಹೇಳಿದ ಸಾಲದ ಸಾಮ್ಯ ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿದೆ. ಒಬ್ಬ ಆಳು ರಾಜನಿಗೆ ಹತ್ತು ಸಾವಿರ ತಲಾಂತು ಸಾಲ ಕೊಡಬೇಕಿತ್ತು. ಕಾಲಿಗೆ ಬಿದ್ದ, ರಾಜ ಬಿಟ್ಟುಬಿಟ್ಟ. ಹೊರಗೆ ಬಂದವನೇ ತನಗೆ ನೂರು ದಿನಾರಿ ಕೊಡಬೇಕಿದ್ದ ಜೊತೆಯಾಳಿನ ಕುತ್ತಿಗೆ ಹಿಡಿದ. ನಾನು ದಿನವೂ ಸ್ಪ್ರೆಡ್‌ಶೀಟ್ ಮುಂದೆ ಕೂರುವ ಮನುಷ್ಯ. ಈ ಮೊತ್ತಗಳನ್ನು ನೋಡಿದರೆ ಕೈ ಸುಮ್ಮನಿರುವುದಿಲ್ಲ. ಒಂದು ದಿನಾರಿ ಎಂದರೆ ಕೂಲಿಯವನ ಒಂದು ದಿನದ ದುಡಿಮೆ. ಒಂದು ತಲಾಂತಿಗೆ ಸುಮಾರು 6,000 ದಿನಾರಿ. ಇವತ್ತಿನ ಕೂಲಿಯನ್ನು ದಿನಕ್ಕೆ 500 ರೂಪಾಯಿ ಎಂದು ಹಿಡಿಯೋಣ. ಜೊತೆಯಾಳಿನ ಸಾಲ 50,000 ರೂಪಾಯಿ ಆಯಿತು. ಮೊದಲನೆಯವನದು 3,000 ಕೋಟಿ! ವರ್ಷಕ್ಕೆ 300 ದಿನ ದುಡಿದರೂ ತೀರಿಸಲು ಎರಡು ಲಕ್ಷ ವರ್ಷ ಬೇಕು. ಗ್ರೀಕ್ ಭಾಷೆಯಲ್ಲಿ ಒಂದೇ ಪದದಲ್ಲಿ ಹೇಳಬಹುದಾಗಿದ್ದ ಅತಿ ದೊಡ್ಡ ಸಂಖ್ಯೆ ಹತ್ತು ಸಾವಿರ, ಹಣದ ಅತಿ ದೊಡ್ಡ ಮಾನ ತಲಾಂತು. ಯೇಸು ಎರಡನ್ನೂ ಬೇಕೆಂದೇ ಒಟ್ಟಿಗೆ ಇಟ್ಟಿರಬೇಕು. ಕೇಳಿದವರು ಗೊಳ್ಳೆಂದು ನಕ್ಕಿರಲೂಬಹುದು.

ಈ ಸಾಮ್ಯದ ಮೇಲೆ ಎಷ್ಟೋ ಪ್ರಸಂಗ ಕೇಳಿದ್ದೇನೆ. ಆ ಆಳಿನ ಕೃತಘ್ನತೆಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ರಾಜನ ಖಜಾನೆಯ ಬಗ್ಗೆ ಮಾತಾಡಿದವರು ಕಡಿಮೆ. ಮೂರು ಸಾವಿರ ಕೋಟಿ ಬಿಟ್ಟುಬಿಡುವುದೆಂದರೆ ಆ ದುಡ್ಡು ಗಾಳಿಯಲ್ಲಿ ಕರಗಿತು ಎಂದಲ್ಲ. ಅಷ್ಟು ನಷ್ಟವನ್ನು ರಾಜ ತನ್ನ ಹೊಟ್ಟೆಗೆ ಹಾಕಿಕೊಂಡ.

ನನಗೆ ಇದು ಪುಸ್ತಕದಿಂದ ತಿಳಿದದ್ದಲ್ಲ. ನಾನು ಬೆಟಗೇರಿಯಲ್ಲಿ ಬೆಳೆದವನು, ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರರು. ಎಂಬತ್ತರ ದಶಕದ ಕೊನೆಯಲ್ಲಿ ಅವರು ಗೆಳೆಯರೊಬ್ಬರ ಸಾಲಕ್ಕೆ ಜಾಮೀನು ನಿಂತರು. ಗೆಳೆಯ ಕಂತು ಕಟ್ಟದೆ ಊರು ಬಿಟ್ಟ. ಸಾಲ ಕೊಟ್ಟ ಸಂಘದವರು ಅಪ್ಪನ ಪಗಾರಕ್ಕೆ ಕೈ ಹಾಕಿದರು. ಸುಮಾರು ಐದು ವರ್ಷ, ತಿಂಗಳು ತಪ್ಪದೆ ಕಡಿತ. ನಮ್ಮ ಮನೆಯಲ್ಲಿ ಹಾಲು ಅರ್ಧಕ್ಕಿಳಿಯಿತು, ಅಕ್ಕನ ಕಾಲೇಜು ಒಂದು ವರ್ಷ ಮುಂದಕ್ಕೆ ಹೋಯಿತು, ಅವ್ವನ ಎರಡು ಬಳೆ ಹೋದವು ತಿರುಗಿ ಬರಲಿಲ್ಲ. ಎಷ್ಟೋ ವರ್ಷದ ಮೇಲೆ ಆ ಮನುಷ್ಯ ಒಂದು ಸಂಜೆ ಬಾಗಿಲಿಗೆ ಬಂದು ನಿಂತ. ದುಡ್ಡು ತಂದಿರಲಿಲ್ಲ, ಅಳುತ್ತಿದ್ದ. ಅಪ್ಪ ಒಳಗೆ ಕರೆದು ಕೂರಿಸಿದರು, "ಆತು ಬಿಡಪಾ, ಮುಗದು ಹೋತು" ಅಂದರು, ನಾನೇ ಚಹಾ ತಂದುಕೊಟ್ಟೆ. ಅವ್ವ ಅಡುಗೆ ಮನೆಯಿಂದ ಹೊರಗೆ ಬರಲೇ ಇಲ್ಲ.

ಅವನು ಹೋದ ಮೇಲೆ ಅವ್ವ ಕೇಳಿದ್ದು ಇನ್ನೂ ನನ್ನ ಕಿವಿಯಲ್ಲಿದೆ. "ರೀ, ಕ್ಷಮಾ ಮಾಡಿದವ್ರು ನೀವು. ಹೊಟ್ಟಿ ಕಟ್ಟಿದವ್ರು ನಾನು, ಈ ಹುಡುಗ್ರು. ನಮ್ಮನ್ನ ಒಂದ್ ಮಾತು ಕೇಳಿದ್ರೇನು?"

ಅಪ್ಪ ಬಹಳ ಹೊತ್ತು ಸುಮ್ಮನಿದ್ದರು. "ಖರೇ ಐತಿ. ನಂದು ನಾ ಬಿಟ್ಟೇನಿ. ನಿಂದು ನೀ ಬಿಡು ಅಂತ ನಾ ಹ್ಯಾಂಗ ಹೇಳ್ಲಿ?" ಅಂದರು.

ದೇವತಾಶಾಸ್ತ್ರದ ಪುಸ್ತಕಗಳು ಸುತ್ತಿ ಸುತ್ತಿ ಹೇಳುವುದನ್ನು ಅವ್ವ ಒಂದೇ ಏಟಿಗೆ ಕೇಳಿದ್ದರು: ಒಬ್ಬರಿಗೆ ಆದ ಅನ್ಯಾಯವನ್ನು ಇನ್ನೊಬ್ಬರು ಹೇಗೆ ಕ್ಷಮಿಸಲು ಬರುತ್ತದೆ? ಕಪೆರ್ನೌಮಿನ ಮನೆಯಲ್ಲಿ ಯೇಸು ಪಾರ್ಶ್ವವಾಯು ರೋಗಿಗೆ ನಿನ್ನ ಪಾಪಗಳು ಕ್ಷಮಿಸಲ್ಪಟ್ಟಿವೆ ಎಂಬ ಅರ್ಥದಲ್ಲಿ ಮಾತಾಡಿದಾಗ ಶಾಸ್ತ್ರಿಗಳು ಮುಖ ಗಂಟಿಕ್ಕಿದರು. ಪಾಪ ಕ್ಷಮಿಸಲು ದೇವರನ್ನು ಬಿಟ್ಟರೆ ಇನ್ನಾರಿಗೆ ಅಧಿಕಾರ ಎಂದು ಒಳಗೊಳಗೇ ಅಂದುಕೊಂಡರು. ನಮ್ಮ ಪ್ರಸಂಗಗಳಲ್ಲಿ ಅವರು ಯಾವಾಗಲೂ ಖಳನಾಯಕರು. ನನಗೆ ಮಾತ್ರ ಅವರ ಪ್ರಶ್ನೆ ನ್ಯಾಯವಾದದ್ದೇ ಅನ್ನಿಸುತ್ತದೆ. ನನ್ನ ಮನೆಯವರ ಬಳೆಯನ್ನು ದೇವರೇ ಆದರೂ ಹೇಗೆ ದಾನ ಮಾಡಬಲ್ಲ?

ಇದಕ್ಕೆ ಕ್ರೈಸ್ತ ನಂಬಿಕೆ ಕೊಡುವ ಉತ್ತರವೂ ಅದೇ ಮತ್ತಾಯನ ಪುಸ್ತಕದಲ್ಲಿದೆ, 25ನೆಯ ಅಧ್ಯಾಯದಲ್ಲಿ. ಹಸಿದವನಿಗೆ, ಬಟ್ಟೆಯಿಲ್ಲದವನಿಗೆ, ಸೆರೆಯಲ್ಲಿದ್ದವನಿಗೆ ಮಾಡಿದ್ದು, ಮಾಡದೆ ಬಿಟ್ಟದ್ದು ಎರಡೂ ತನಗೇ ತಟ್ಟಿತು ಎಂದು ಅಲ್ಲಿ ಅರಸ ಹೇಳುತ್ತಾನೆ. ಅಂದರೆ ದೇವರು ಮೇಲೆ ಕೂತು ಬೇರೆಯವರ ದುಡ್ಡಿನಲ್ಲಿ ಉದಾರಿಯಾಗುವ ಸಾಹುಕಾರನಲ್ಲ. ನಮ್ಮ ಮನೆಯಲ್ಲಿ ಹಾಲು ಅರ್ಧಕ್ಕಿಳಿದಾಗ ಅವನ ಪಾಲಿನದೂ ಇಳಿಯಿತು. ಶಿಲುಬೆ ನನಗೆ ಅರ್ಥವಾಗುವುದು ಈ ಒಂದು ಬಗೆಯಲ್ಲಿ ಮಾತ್ರ. ಮನುಷ್ಯರು ಮನುಷ್ಯರಿಗೆ ಮಾಡಿದ್ದೆಲ್ಲ ದೇವರ ಮೈಗೆ ತಾಗುತ್ತದೆ, ತನಗೆ ತಾಗಿದ್ದನ್ನು ಅವನು ಹೊಟ್ಟೆಗೆ ಹಾಕಿಕೊಳ್ಳುತ್ತಾನೆ. ಅವನು ಬಿಡುವುದು ತನ್ನದನ್ನು. ಅವ್ವನ ಪಾಲು ಅವ್ವನ ಹತ್ತಿರವೇ ಉಳಿಯುತ್ತದೆ. ಅದನ್ನು ದೇವರು ಕಸಿದುಕೊಳ್ಳುವುದಿಲ್ಲ. ಕಾಣಿಕೆ ಕೊಡಲು ಹೊರಟವನಿಗೆ ಸಹೋದರನ ದೂರು ನೆನಪಾದರೆ, ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಇಟ್ಟು ಮೊದಲು ಹೋಗಿ ಅವನೊಂದಿಗೆ ರಾಜಿ ಮಾಡಿಕೊಂಡು ಬಾ ಎಂದು ಯೇಸು ಕಲಿಸಿದ್ದೂ ಇದಕ್ಕೇ ಇರಬೇಕು. ಯೆಹೂದ್ಯರ ಮಿಷ್ನಾದಲ್ಲೂ ಹೀಗೆಯೇ ಇದೆ: ಮನುಷ್ಯ ಮನುಷ್ಯನ ನಡುವಿನ ತಪ್ಪಿಗೆ, ನೊಂದವನನ್ನು ಸಮಾಧಾನ ಮಾಡುವ ತನಕ ಪ್ರಾಯಶ್ಚಿತ್ತದ ದಿನವೂ ಪ್ರಾಯಶ್ಚಿತ್ತ ಒದಗಿಸುವುದಿಲ್ಲ. ಭಾನುವಾರ ಮಂಡಿಯೂರಿದರೆ ಲೆಕ್ಕ ಚುಕ್ತಾ ಎನ್ನುವ ಗೆಳೆಯರಿಗೆ ನಾನು ಇಷ್ಟನ್ನಂತೂ ಹೇಳಬಲ್ಲೆ.

ಅವ್ವ ಕ್ಷಮಿಸಿದರೇ? ಈ ಪ್ರಶ್ನೆಯನ್ನು ನಾನು ಬೆಳೆದ ಮೇಲೆ ಅವರಿಗೇ ಕೇಳಿದ್ದೇನೆ. ಅವರ ಉತ್ತರ: "ಯಾವತ್ತಿಂದು ಕೇಳ್ತಿ? ಮುಂಜಾನೆ ಪ್ರಾರ್ಥನಾ ಮಾಡುಮುಂದ ಬಿಟ್ಟಿರ್ತಿದ್ದೆ. ಮಧ್ಯಾಹ್ನ ಕಿರಾಣಿ ಅಂಗಡ್ಯಾಂವ ಉದ್ರಿ ವಹಿ ತಗದ ಕೂಡ್ಲೆ ಮತ್ತ ಸಿಟ್ಟು ಬರ್ತಿತ್ತು. ಮರುದಿನ ಮುಂಜಾನೆ ಮತ್ತ ಬಿಡೂದು. ದೇವ್ರು ಲೆಕ್ಕ ಬರದಿಟ್ಟಿದ್ರ ನಂದ ಒಂದು ವಹಿ ತುಂಬಿರ್ತೈತಿ."

ಈ ಮಾತು ಕೇಳಿದ ಮೇಲೆ ನಾನು ಪೇತ್ರನ ಪ್ರಸಿದ್ಧ ಪ್ರಶ್ನೆಯನ್ನು ಬೇರೆ ರೀತಿ ಓದತೊಡಗಿದೆ. ಸಹೋದರನನ್ನು ಎಷ್ಟು ಸಲ ಕ್ಷಮಿಸಬೇಕು, ಏಳು ಸಲವೇ ಎಂದು ಅವನು ಕೇಳುತ್ತಾನೆ. ಏಳು ಸಾಲದು, ಎಪ್ಪತ್ತು ಏಳರಷ್ಟು ಎಂದು ಯೇಸು ಹೇಳುತ್ತಾನೆ. 490 ಬೇರೆ ಬೇರೆ ತಪ್ಪುಗಳು ಎಂದು ನಾವು ಅಂದುಕೊಳ್ಳುತ್ತೇವೆ. ನಮ್ಮ ಅವ್ವನ ಬದುಕಿನಲ್ಲಿ ಅದು ಒಂದೇ ತಪ್ಪು. ಒಂದೇ ಜಾಮೀನು. ಅದನ್ನೇ 490 ಸಲ ಕ್ಷಮಿಸಬೇಕಾಯಿತು, ಏಕೆಂದರೆ ಅದು ದಿನವೂ ಬೆಳಗಾಗುತ್ತಲೇ ಎದ್ದು ಕೂರುತ್ತಿತ್ತು. ನುಂಗಿದ್ದು ಒಂದೇ ಸಲಕ್ಕೆ ಅರಗುವುದಿಲ್ಲ.

ಕರ್ತನ ಪ್ರಾರ್ಥನೆಯಲ್ಲಿ ದಿನದ ರೊಟ್ಟಿಯ ಬೇಡಿಕೆ ಮುಗಿದ ಕೂಡಲೇ ಕ್ಷಮೆಯ ಬೇಡಿಕೆ ಬರುತ್ತದೆ. ಎರಡರ ನಡುವೆ ಗ್ರೀಕಿನಲ್ಲಿ ಒಂದು 'ಮತ್ತು' ಮಾತ್ರ ಇದೆ. ಮತ್ತಾಯ ಅಲ್ಲಿ ತಪ್ಪಿಗೆ ಬಳಸಿದ ಪದಕ್ಕೂ ಸಾಲ ಎಂದೇ ಅರ್ಥ. ನಿನ್ನೆಯ ರೊಟ್ಟಿ ಇಂದಿನ ಹಸಿವಿಗೆ ಆಗುವುದಿಲ್ಲ. ನಿನ್ನೆ ಕ್ಷಮಿಸಿದ್ದೂ ಹಾಗೆಯೇ. ವಿಮೋಚನಕಾಂಡದ ಮನ್ನಾ ಕತೆ ಇದರ ಹಿಂದಿದೆ. ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ತಲೆಗೆ ಒಂದು ಓಮೆರಿನಷ್ಟು ಮನ್ನಾ, ಆಯಾ ದಿನಕ್ಕೆ ಆಯಾ ದಿನದ್ದು. ನಾಳೆಗಿರಲಿ ಎಂದು ಎತ್ತಿಟ್ಟವರ ಪಾತ್ರೆಯಲ್ಲಿ ಹುಳ ಬಿದ್ದು ನಾತ ಹೊಡೆಯಿತು. ಸಬ್ಬತ್ತಿನ ಹಿಂದಿನ ದಿನಕ್ಕೆ ಮಾತ್ರ ರಿಯಾಯಿತಿ. ಮನುಷ್ಯನಿಗೆ ಇದು ಎಂದೂ ಹಿಡಿಸಿಲ್ಲ, ನಮಗೆ ವರ್ಷದ ಪ್ಯಾಕ್ ಬೇಕು. ಹದಿನಾರನೆಯ ಶತಮಾನದ ಜರ್ಮನಿಯಲ್ಲಿ ದುಡ್ಡಿಗೆ ಮಾರುತ್ತಿದ್ದ ಪಾಪವಿಮೋಚನಾ ಪತ್ರಗಳು ಅಂಥ ಪ್ಯಾಕುಗಳೇ. 1517ರಲ್ಲಿ ಲೂಥರ್ ಬರೆದ 95 ವಾದಾಂಶಗಳಲ್ಲಿ ಮೊದಲನೆಯದೇ, ವಿಶ್ವಾಸಿಯ ಇಡೀ ಬದುಕೇ ಪಶ್ಚಾತ್ತಾಪವಾಗಿರಬೇಕು ಎಂಬುದು. ಅವನ ಸಭೆಯ ವಾರಸುದಾರರಾದ ನಾವು ಪತ್ರ ಕೊಳ್ಳುವುದನ್ನು ಬಿಟ್ಟೆವು, ಪ್ಯಾಕಿನ ಆಸೆ ಬಿಡಲಿಲ್ಲ. "ನಾನು 1998ರಲ್ಲೇ ರಕ್ಷಣೆ ಹೊಂದಿದೆ" ಎಂದು ಸಾಕ್ಷಿ ಹೇಳಿ ಕೂರುವವರನ್ನು ನಾನು ಎಲ್ಲ ಊರಿನ ಸಭೆಗಳಲ್ಲೂ ನೋಡಿದ್ದೇನೆ. ಬೋನ್ಹೋಫರ್ 1937ರ ತನ್ನ ಪುಸ್ತಕದಲ್ಲಿ ಇದನ್ನೇ ಅಗ್ಗದ ಕೃಪೆ ಎಂದು ಕರೆದ. ಹಿಟ್ಲರನ ಸರ್ಕಾರ 1945ರ ಏಪ್ರಿಲಿನಲ್ಲಿ ಅವನನ್ನು ಗಲ್ಲಿಗೇರಿಸಿತು.

ದೇವರ ಕರುಣೆ ಪ್ರತಿ ಬೆಳಗ್ಗೆ ಹೊಸದು ಎಂಬ ಸಾಂತ್ವನದ ಮಾತು ಕ್ರೈಸ್ತರ ಮನೆಯ ಕ್ಯಾಲೆಂಡರುಗಳಲ್ಲಿ ಸೂರ್ಯೋದಯದ ಚಿತ್ರದ ಕೆಳಗೆ ಇರುತ್ತದೆ. ಅದು ಎಲ್ಲಿಂದ ಬಂತು ಎಂದು ನೋಡಿದರೆ ಮೈ ಜುಮ್ಮೆನ್ನುತ್ತದೆ. ಬಾಬಿಲೋನಿನ ಸೈನ್ಯ ಯೆರೂಸಲೇಮನ್ನು ಸುಟ್ಟ ಮೇಲೆ, ಕ್ರಿಸ್ತಪೂರ್ವ ಆರನೆಯ ಶತಮಾನದಲ್ಲಿ ಹುಟ್ಟಿದ ಶೋಕಗೀತೆಗಳ ಪುಸ್ತಕ ಪ್ರಲಾಪಗಳು. ಅದರ ಮೂರನೆಯ ಅಧ್ಯಾಯದಲ್ಲಿ 66 ವಚನಗಳು. ಹೀಬ್ರೂ ವರ್ಣಮಾಲೆಯ 22 ಅಕ್ಷರಗಳಿಗೆ ಮೂರು ಮೂರರಂತೆ. ಅದೇ ಅಧ್ಯಾಯದ ಆರಂಭದಲ್ಲಿ ಕವಿ ದೇವರನ್ನು ಹೊಂಚು ಹಾಕಿ ಕೂತ ಕರಡಿಗೆ, ಸಿಂಹಕ್ಕೆ ಹೋಲಿಸುತ್ತಾನೆ. ಆಮೇಲೆ ಬರುತ್ತದೆ ಈ ಮಾತು. ಹೇಳಿದ ಮೇಲೂ ಊರು ಎದ್ದು ನಿಲ್ಲಲಿಲ್ಲ, ಸೆರೆಹೋದವರು ಮರುದಿನವೇ ತಿರುಗಿ ಬರಲಿಲ್ಲ. ಬೂದಿಯ ನಡುವೆ ಕೂತು ಅವನು ಎಣಿಸಿದ್ದು ಇವತ್ತಿನದನ್ನು ಮಾತ್ರ.

ಇಷ್ಟು ಹೇಳಿದ ಮೇಲೆ ಒಂದು ಅಪಾಯದ ಮಾತನ್ನೂ ಹೇಳಬೇಕು. "ಹೊಟ್ಟೆಗೆ ಹಾಕಿಕೋ" ಎಂದು ನಮ್ಮ ನಾಡಿನಲ್ಲಿ ಅತಿ ಹೆಚ್ಚು ಸಲ ಹೇಳಿಸಿಕೊಂಡವರು ಯಾರು? ಸೊಸೆಯಂದಿರು. ಗಂಡ ಹೊಡೆದ, ಹೊಟ್ಟೆಗೆ ಹಾಕ್ಕೋ ತಾಯಿ, ಎಪ್ಪತ್ತು ಏಳು ಸಲ ಕ್ಷಮಿಸು ಎಂದು ಸತ್ಯವೇದ ಹೇಳಿಲ್ಲವೇ? ಹಿರಿಯರು ಹೀಗೆ ಬುದ್ಧಿ ಹೇಳಿ ಹೆಣ್ಣುಮಗಳನ್ನು ಅದೇ ಮನೆಗೆ ತಿರುಗಿ ಕಳಿಸಿದ್ದು ನನಗೆ ಗೊತ್ತು. ಇದು ವಚನವನ್ನು ಬಳಸಿ ಮಾಡುವ ಎರಡನೆಯ ಹೊಡೆತ. ಸಾಮ್ಯದಲ್ಲಿ ಕ್ಷಮೆ ಎಲ್ಲಿಂದ ಶುರುವಾಗುತ್ತದೆ ನೋಡಿ: ಅತ್ಯಂತ ಬಲಶಾಲಿಯಾದ ರಾಜನಿಂದ. ಅದು ಮೇಲಿನಿಂದ ಕೆಳಗೆ ಹರಿಯಬೇಕಾದದ್ದು. ಕುತ್ತಿಗೆ ಹಿಡಿಸಿಕೊಂಡ ಜೊತೆಯಾಳಿಗೆ "ನೀನೇ ಸಹಿಸಿಕೋ" ಎಂದು ಯಾರೂ ಅಲ್ಲಿ ಉಪದೇಶ ಮಾಡುವುದಿಲ್ಲ. ಉಳಿದ ಆಳುಗಳು ನೊಂದುಕೊಂಡು ನೇರ ರಾಜನಿಗೇ ಹೋಗಿ ದೂರು ಕೊಡುತ್ತಾರೆ.

ಅದೇ ಅಧ್ಯಾಯದಲ್ಲಿ ಪೇತ್ರನ ಪ್ರಶ್ನೆಗೆ ಸ್ವಲ್ಪ ಮುಂಚೆ ನಮ್ಮ ಆಫೀಸುಗಳ ಎಸ್ಕಲೇಶನ್ ಮ್ಯಾಟ್ರಿಕ್ಸ್ ಕೂಡ ಇದೆ. ತಪ್ಪು ಮಾಡಿದವನ ಹತ್ತಿರ ಮೊದಲು ಒಬ್ಬನೇ ಹೋಗಿ ಹೇಳು. ಕೇಳದಿದ್ದರೆ ಒಬ್ಬಿಬ್ಬರು ಸಾಕ್ಷಿಗಳನ್ನು ಕರೆದುಕೊಂಡು ಹೋಗು. ಆಗಲೂ ಕೇಳದಿದ್ದರೆ ಸಭೆಗೆ ತಿಳಿಸು. ಸುಮ್ಮನಿರು ಎಂಬ ನಾಲ್ಕನೆಯ ಹಂತ ಪಟ್ಟಿಯಲ್ಲಿಲ್ಲ. ಜಕ್ಕಾಯನೆಂಬ ಸುಂಕದವರ ಮುಖ್ಯಸ್ಥನ ಮನೆಗೆ ಯೇಸು ತಾನೇ ಕರೆಸಿಕೊಂಡು ಊಟಕ್ಕೆ ಹೋದ. ಜಕ್ಕಾಯ ಎದ್ದು ನಿಂತು ಹೇಳಿದ್ದು ಲೆಕ್ಕದ ಮಾತು: ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸ್ಸು. ಕರುಣೆ ಮೊದಲು ಬಂತು, ವಸೂಲಿ ತಪ್ಪಲಿಲ್ಲ.

ನಮ್ಮ ಕಾಲದಲ್ಲಿ ಇದರ ಎರಡು ಮುಖಗಳನ್ನು ಭಾರತ ನೋಡಿದೆ. 1999ರ ಜನವರಿ 22ರ ರಾತ್ರಿ ಕಳೆದು 23 ಆಗುವಾಗ, ಒಡಿಶಾದ ಕೆಂದುಝರ್ ಜಿಲ್ಲೆಯ ಮನೋಹರಪುರದಲ್ಲಿ, ವಾಹನದೊಳಗೆ ಮಲಗಿದ್ದ ಗ್ರಹಾಂ ಸ್ಟೇನ್ಸ್ ಮತ್ತು ಅವರ ಮಕ್ಕಳಾದ ಫಿಲಿಪ್, ತಿಮೋತಿಯನ್ನು ಗುಂಪೊಂದು ಸುಟ್ಟಿತು. ಮಕ್ಕಳಿಗೆ ಹತ್ತು ಮತ್ತು ಆರು ವರ್ಷ. ಸ್ಟೇನ್ಸ್ ಬಾರಿಪದಾದಲ್ಲಿ ಕುಷ್ಠರೋಗಿಗಳ ನಡುವೆ ದಶಕಗಳಿಂದ ಕೆಲಸ ಮಾಡುತ್ತಿದ್ದವರು. ಅವರ ಹೆಂಡತಿ ಗ್ಲಾಡಿಸ್ ಕೊಂದವರನ್ನು ಕ್ಷಮಿಸಿದ್ದೇನೆ ಎಂದರು. ಜೊತೆಗೆ ಕ್ಷಮೆ ಬೇರೆ, ಅಪರಾಧಕ್ಕೆ ಕಾನೂನು ಕೊಡುವ ಫಲ ಬೇರೆ ಎಂಬ ನಿಲುವನ್ನೂ ಇಟ್ಟುಕೊಂಡರು. ಮುಖ್ಯ ಅಪರಾಧಿಯ ಜೀವಾವಧಿ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ 2011ರಲ್ಲಿ ಎತ್ತಿಹಿಡಿಯಿತು. ಗಂಡ ಮಕ್ಕಳನ್ನು ಕಳೆದುಕೊಂಡ ಮೇಲೂ ಗ್ಲಾಡಿಸ್ ಕೆಲವು ವರ್ಷ ಅದೇ ಊರಿನಲ್ಲಿದ್ದು ಅದೇ ರೋಗಿಗಳ ಕೆಲಸ ಮಾಡಿದರು. ಸುದ್ದಿಯಾದದ್ದು ಅವರ ಒಂದು ಹೇಳಿಕೆ. ನನ್ನ ಕಲ್ಪನೆಗೆ ನಿಲುಕದಿರುವುದು ಆಮೇಲಿನ ಬೆಳಗುಗಳು. ಮಗಳಿಗೆ ಜಡೆ ಹಾಕಿ, ಇಬ್ಬರಿಗೆ ತಿಂಡಿ ಬಡಿಸಿ, ಆಸ್ಪತ್ರೆಗೆ ನಡೆದ ಒಂದೊಂದು ಬೆಳಗು.

ಇನ್ನೊಂದು ಮಧ್ಯಪ್ರದೇಶದ್ದು. ಬಡ ರೈತರ ಪರ ಕೆಲಸ ಮಾಡುತ್ತಿದ್ದ ಕೇರಳದ ಸಿಸ್ಟರ್ ರಾಣಿ ಮರಿಯಾ ಅವರನ್ನು 1995ರ ಫೆಬ್ರವರಿಯಲ್ಲಿ ಬಸ್ಸಿನ ಪ್ರಯಾಣಿಕರ ಎದುರೇ ಇರಿದು ಕೊಂದರು. ಅವರ ತಂಗಿ, ತಾನೂ ಸನ್ಯಾಸಿನಿ, ಜೈಲಿಗೆ ಹೋಗಿ ಕೊಂದವನ ಕೈಗೆ ರಾಖಿ ಕಟ್ಟಿದರು. ಆ ಮನೆಯವರು ಅವನ ಬಿಡುಗಡೆಗೂ ಬೆಂಬಲ ಕೊಟ್ಟರು. ಗ್ಲಾಡಿಸ್ ಮಾಡಿದ್ದು ಸರಿಯೋ ಇವರು ಮಾಡಿದ್ದು ಸರಿಯೋ ಎಂದು ಕೇಳಿದರೆ ನಾನು ತೀರ್ಪು ಕೊಡಲಾರೆ. ಎರಡೂ ಕಡೆ ತಮ್ಮ ಪಾಲನ್ನು ತಾವು ಬಿಟ್ಟವರು ಅವರು, ಬಿಡಿ ಎಂದು ಹೊರಗಿನವರು ಹೇಳಿ ಬಿಡಿಸಿದ್ದಲ್ಲ.

ಲೆಕ್ಕ ಕೇಳಿದ ಪೇತ್ರನ ಕತೆ ಅಷ್ಟಕ್ಕೇ ಮುಗಿಯುವುದಿಲ್ಲ. ಯೇಸುವನ್ನು ಹಿಡಿದ ರಾತ್ರಿ ಅವನು ಮಹಾಯಾಜಕನ ಅಂಗಳದಲ್ಲಿ ಇದ್ದಲಿನ ಬೆಂಕಿಗೆ ಕೈ ಕಾಸುತ್ತ, ಆ ಮನುಷ್ಯ ಯಾರೋ ನನಗೆ ಗೊತ್ತಿಲ್ಲ ಎಂದ. ಅಂಥದ್ದು ಮೂರು ಸಲ. ಹೊಸ ಒಡಂಬಡಿಕೆಯಲ್ಲಿ ಇದ್ದಲಿನ ಬೆಂಕಿಗೆ ಬಳಸಿದ ಆ ಗ್ರೀಕ್ ಪದ ಎರಡೇ ಕಡೆ ಬರುತ್ತದೆ, ಎರಡೂ ಯೋಹಾನನಲ್ಲಿ. ಎರಡನೆಯದು ಪುನರುತ್ಥಾನದ ಮೇಲೆ, ಗಲಿಲಾಯ ಸಮುದ್ರದ ದಡದಲ್ಲಿ, ಬೆಳಗಿನ ಜಾವ. ಶಿಷ್ಯರು ರಾತ್ರಿಯಿಡೀ ಬಲೆ ಬೀಸಿ ಬರಿಗೈಯಲ್ಲಿದ್ದರು. ಆಮೇಲೆ 153 ಮೀನು ಸಿಕ್ಕವು, ಯಾರೋ ಕೂತು ಎಣಿಸಿದ್ದಾರೆ. ದಡಕ್ಕೆ ಬಂದರೆ ಯೇಸು ಆಗಲೇ ಕೆಂಡ ಮಾಡಿ ಮೀನು ಸುಡುತ್ತಿದ್ದಾನೆ, ಪಕ್ಕದಲ್ಲಿ ರೊಟ್ಟಿ ಇದೆ. ಬಂದು ಊಟ ಮಾಡಿ ಎಂದು ಕರೆಯುತ್ತಾನೆ. ಅಂಗಳದ ಮಾತು ಎತ್ತುವುದಿಲ್ಲ. ಎಲ್ಲರ ಊಟವಾದ ಮೇಲೆ ಪೇತ್ರನನ್ನು ಕೇಳುತ್ತಾನೆ, ನನ್ನ ಮೇಲೆ ನಿನಗೆ ಪ್ರೀತಿ ಇದೆಯೇ ಎಂದು. ಪ್ರತಿ ಉತ್ತರಕ್ಕೂ ಕುರಿ ಮೇಯಿಸುವ ಕೆಲಸ ವಹಿಸುತ್ತಾನೆ. ಅದೇ ಪ್ರಶ್ನೆ ಮೂರನೆಯ ಸಲ ಬಂದಾಗ ಪೇತ್ರನಿಗೆ ನೋವಾಯಿತು ಎಂದು ಯೋಹಾನ ಬರೆದಿದ್ದಾನೆ.